ಕರಾವಳಿಯನ್ನು ದಿನಕ್ಕೊಂದು ತುಂಡು ನಡೆಯುವುದು: ಯಾರಿಗೆ ಯಾವ ತುಂಡು?

ಕರ್ನಾಟಕದ ಕಡಲ ದಂಡೆಯನ್ನು ನಡೆದೇ ನೋಡಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಆದರೆ ಅವರ ಕೈಯಲ್ಲಿರುವುದು ಒಂದು ಶನಿವಾರ, ಒಂದು ಭಾನುವಾರ. ಉತ್ತರದ ಮಾಜಾಳಿಯಿಂದ ದಕ್ಷಿಣದ ತಲಪಾಡಿವರೆಗೆ ದಂಡೆ 300 ಕಿಲೋಮೀಟರ್ ದಾಟುತ್ತದೆ. ಅದನ್ನು ಒಂದೇ ಉಸಿರಿಗೆ ನಡೆಯುವ ರಜೆ ಯಾರಿಗಿದೆ? ಹಾಗಾಗಿ ದಿನಕ್ಕೊಂದು ತುಂಡು ಅಂತ ನಡೆಯುವುದೇ ಸರಿಯಾದ ದಾರಿ. ಬೆಳಿಗ್ಗೆ ಹೊರಟು ಸಂಜೆ ಮುಗಿಸಬಹುದು, ರಾತ್ರಿ ಹಾಸಿಗೆಯಲ್ಲಿ ಮಲಗಬಹುದು. ಬೆನ್ನ ಮೇಲೆ ಟೆಂಟ್ ಹೊರುವ ಕೆಲಸವೂ ಇಲ್ಲ.

ಅಲ್ಲಿಗೆ ಗೊಂದಲ ಶುರು. ಗೋಕರ್ಣವಾ, ಕುಮಟಾವಾ? ಮಲ್ಪೆಯಿಂದ ಹೊರಡುವುದಾ, ಮರವಂತೆಗೆ ಹೋಗುವುದಾ? ಫೋಟೋ ನೋಡಿದರೆ ಎಲ್ಲವೂ ಒಂದೇ ಥರ ಚಂದ. ಆದರೆ ಕಾಲಿಗೆ ಎಲ್ಲವೂ ಒಂದೇ ಥರ ಇರುವುದಿಲ್ಲ.

ಮೊದಲು ಅಳತೆಗೋಲು

ನಕ್ಷೆಯಲ್ಲಿ ಬೆರಳಿಟ್ಟು ಕಿಲೋಮೀಟರ್ ಎಣಿಸಿ ಆಯ್ಕೆ ಮಾಡುವವರು ಬಹಳ ಜನ. ನನ್ನ ಪ್ರಕಾರ ಕಿಲೋಮೀಟರ್ ನೋಡಬೇಕಾದ್ದು ಕೊನೆಗೆ. ಮೊದಲು ನೋಡಬೇಕಾದ್ದು ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ.

ನಮ್ಮ ದಂಡೆ ಉದ್ದಕ್ಕೆ ಒಂದೇ ಗೆರೆಯಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಮುಂದೆ ಗಂಗೊಳ್ಳಿಯ ಪಂಚಗಂಗಾವಳಿ, ಸೀತಾ–ಸುವರ್ಣಾ, ಶಾಂಭವಿ–ನಂದಿನಿ, ನೇತ್ರಾವತಿ, ಹೀಗೆ ನದಿ ಮೇಲೆ ನದಿ ಬಂದು ಅದನ್ನು ತುಂಡರಿಸುತ್ತದೆ. ಪ್ರತಿ ಅಳಿವೆಯಲ್ಲೂ ನಿಮ್ಮ ನಡಿಗೆ ನಿಲ್ಲುತ್ತದೆ. ಅಲ್ಲಿ ದೋಣಿ ಇದೆಯಾ, ಸೇತುವೆ ಇದೆಯಾ, ಇಲ್ಲವಾ? ನಿಮ್ಮ ದಿನ ಎಷ್ಟು ಉದ್ದ ಅನ್ನುವುದು ಇದರ ಮೇಲೆ ನಿಂತಿದೆ. ಕುಂದಾಪುರದ ನದಿ ದಂಡೆಯಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರೇ ಕಾಣುತ್ತದೆ. ಆದರೆ ಬಸ್ಸಿನಲ್ಲಿ ಹೋಗಬೇಕಾದರೆ ಹೆದ್ದಾರಿ ಹಿಡಿದು ತ್ರಾಸಿಗೆ ಹೋಗಿ, ಅಲ್ಲಿಂದ ತಿರುಗಿ ದಕ್ಷಿಣಕ್ಕೆ ಬರಬೇಕು. ನಕ್ಷೆಯ ಮೇಲೆ ಅರ್ಧ ಬೆರಳು, ಹೊತ್ತಿನ ಲೆಕ್ಕದಲ್ಲಿ ಅರ್ಧ ಬೆಳಿಗ್ಗೆ.

ಎರಡನೆಯದು ವಾಪಸು ಬರುವ ದಾರಿ. ಇದಕ್ಕೆ ನಾನು ಪಾಲಿಸುವ ನಿಯಮ ಸರಳ: ಬಸ್ಸಿನ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ. ತುಂಡಿನ ಎರಡು ತುದಿಗಳಲ್ಲಿ ಯಾವುದಕ್ಕೆ ಬಸ್ಸು ಕಡಿಮೆಯೋ, ಅಲ್ಲಿಗೆ ಮುಂಜಾನೆ ಹೋಗಿ ಇಳಿಯಿರಿ. ಅಲ್ಲಿಂದ ಊರಿನ ಕಡೆಗೆ, ಅಂದರೆ ಬಸ್ಸು, ರೈಲು, ಊಟ ಎಲ್ಲ ಇರುವ ತುದಿಗೆ ನಡೆಯಿರಿ. ಸಂಜೆ ದಣಿದ ಕಾಲಲ್ಲಿ ಕೊನೆಯ ಬಸ್ಸಿಗೆ ಓಡುವ ಅವಸ್ಥೆ ಇರುವುದಿಲ್ಲ. ನಡುವೆ ಎಲ್ಲಿ ಬೇಕಾದರೂ ಒಂದು ಗಂಟೆ ಸುಮ್ನೆ ಕೂರಬಹುದು.

ಮೂರನೆಯದು ಉಬ್ಬರ–ಇಳಿತ. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವುಗಳ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ, ಅಗಲವಾಗಿ ಸಿಗುತ್ತದೆ, ನಡಿಗೆ ಸಲೀಸು. ಉಬ್ಬರದಲ್ಲಿ ಅದೇ ದಂಡೆ ಕಿರಿದಾಗಿ ನಿಮ್ಮನ್ನು ಮೇಲಿನ ಸಡಿಲ ಮರಳಿಗೆ ತಳ್ಳುತ್ತದೆ. ಅಲ್ಲಿ ಹೆಜ್ಜೆ ಹೂತು ಹೋಗಿ, ಅಷ್ಟೇ ದೂರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ದಣಿವಾಗುತ್ತದೆ. ಬಂಡೆಯ ಬುಡದಲ್ಲಿ ಹಾದುಹೋಗುವ ಜಾಗಗಳಂತೂ ಉಬ್ಬರಕ್ಕೆ ಮುಚ್ಚಿಯೇ ಹೋಗುತ್ತವೆ.

ಇದರಲ್ಲಿ ಪಂಚಾಂಗವೂ ಉಪಯೋಗಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ–ಇಳಿತದ ಅಂತರ ಜಾಸ್ತಿ. ಆ ದಿನಗಳಲ್ಲಿ ನಮ್ಮ ದಂಡೆಯಲ್ಲಿ ಉಬ್ಬರ ಮಧ್ಯಾಹ್ನದ ಹೊತ್ತಿಗೆ ಬರುತ್ತದೆ, ಇಳಿತ ಮುಂಜಾನೆ ಮತ್ತು ಸಂಜೆಗೆ. ಅಷ್ಟಮಿಯ ಆಸುಪಾಸಿನಲ್ಲಿ ಅಂತರ ಕಡಿಮೆ, ನೀರು ಅಷ್ಟಾಗಿ ಮೇಲೂ ಏರುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ಹಾಗಾಗಿ ಉದ್ದ ಮರಳಿನ ತುಂಡಿಗೆ ಅಮಾವಾಸ್ಯೆ–ಹುಣ್ಣಿಮೆಯ ವಾರ ಒಳ್ಳೆಯದು. ಆರು ಗಂಟೆಗೆ ಹೊರಟರೆ ಬೆಳಗಿನ ಗಟ್ಟಿ ಮರಳು ಪೂರ್ತಿ ನಿಮ್ಮದು. ಬಂಡೆ ಹತ್ತಿ ಇಳಿಯುವ ತುಂಡಿಗೆ ಅಷ್ಟಮಿಯ ವಾರ ಒಳ್ಳೆಯದು, ನಡುಮಧ್ಯಾಹ್ನ ನೀರು ದಾರಿಗೆ ಅಡ್ಡ ಬಂದು ನಿಲ್ಲುವುದು ಕಡಿಮೆ. ಇದು ಅಂದಾಜಿನ ಲೆಕ್ಕ ಅಷ್ಟೇ. ಹೊರಡುವ ಮುಂಚೆ ಆ ದಿನದ ಉಬ್ಬರದ ಸಮಯವನ್ನು ಫೋನಿನಲ್ಲಿ ನೋಡಲೇಬೇಕು.

ಆಮೇಲೆ ಕಾಲಡಿಯ ನೆಲ, ನೆರಳು, ಕುಡಿಯುವ ನೀರು, ಶೌಚಾಲಯ. ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ. ಆದರೆ ಹೆಂಗಸರು ಇರುವ ಗುಂಪಿನಲ್ಲಿ, ಮಕ್ಕಳು ಇರುವ ಗುಂಪಿನಲ್ಲಿ ಯಾವ ತುಂಡು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಅದಿಲ್ಲ ಅಂತ ನೀರು ಕುಡಿಯದೆ ನಡೆಯುವವರನ್ನು ನೋಡಿದ್ದೇನೆ. ಕರಾವಳಿಯ ಬಿಸಿಲಿನಲ್ಲಿ ಅದು ನಿಜಕ್ಕೂ ಅಪಾಯ.

ಖರ್ಚಿನ ಬಗ್ಗೆ ಮುಂದೆ ಬರೆಯುತ್ತೇನೆ. ಈಗ ತುಂಡುಗಳಿಗೆ ಬರೋಣ.

ತದಡಿಯಿಂದ ಗೋಕರ್ಣ

ಎಲ್ಲರೂ ಕೇಳುವುದು ಮೊದಲು ಇದನ್ನೇ. ಗೋಕರ್ಣದ ದೊಡ್ಡ ಕಡಲತೀರ, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಅದರಾಚೆ ಬೇಲೆಕಾನ್, ಕೊನೆಗೆ ಮೀನುಗಾರಿಕೆ ಬಂದರಾದ ತದಡಿ. ಎಲ್ಲ ಸೇರಿ 10 ಕಿ.ಮೀ. ಆಸುಪಾಸು. ದೂರ ಕೇಳಿದರೆ ಅರ್ಧ ದಿನದ ಕೆಲಸ ಅನ್ನಿಸುತ್ತದೆ. ಆದರೆ ಇಲ್ಲಿ ಒಂದು ತೀರಕ್ಕೂ ಇನ್ನೊಂದಕ್ಕೂ ನಡುವೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ ಇದೆ. ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಹಾಫ್ ಮೂನ್ ಮತ್ತು ಪ್ಯಾರಡೈಸ್ ನಡುವೆ ಬಂಡೆಗಳ ಮೇಲೆ ಕೈ ಊರಿ ದಾಟುವ ಜಾಗಗಳಿವೆ. ಗಂಟೆಗೆ ಎರಡು ಕಿಲೋಮೀಟರ್ ಸಿಕ್ಕರೆ ಚೆನ್ನಾಗಿ ನಡೆದಿರಿ ಅಂತಲೇ ಲೆಕ್ಕ.

ಹೆಚ್ಚಿನವರು ಗೋಕರ್ಣದಿಂದ ಹೊರಟು ದಕ್ಷಿಣಕ್ಕೆ ಬರುತ್ತಾರೆ. ನಾನು ತಿರುಗಾಮುರುಗಾ ಮಾಡಿ ಅನ್ನುತ್ತೇನೆ. ಬೆಳಿಗ್ಗೆ ಬೇಗ ತದಡಿಗೆ ಹೋಗಿ. ಬಂದರಿನಲ್ಲಿ ಮೀನು ಇಳಿಸುವ ಗದ್ದಲ ನೋಡಿ ಹೊರಡಿ. ಓಂ ತೀರಕ್ಕೆ ಮುಟ್ಟುವವರೆಗೆ ಜನ ಕಡಿಮೆ, ಬಿಸಿಲೂ ಬೆನ್ನಿಗೆ. ಓಂನಲ್ಲಿ ಊಟ, ನೀರು, ನೆರಳು ಎಲ್ಲ ಇದೆ, ಸುಸ್ತಾದವರಿಗೆ ರಸ್ತೆಯೂ ಇದೆ, ಆಟೋ ಸಿಗುತ್ತದೆ. ಮುಂದಿನ ಕುಡ್ಲೆ ಸಂಜೆಗೆ ಬೀಳುತ್ತದೆ. ಕೊನೆಗೆ ರಾಮತೀರ್ಥದ ಪಕ್ಕ ಇಳಿದು ಗೋಕರ್ಣದ ಮರಳಿಗೆ. ಒಂದೇ ಅನನುಕೂಲ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ ಕಡಲ ಗಾಳಿ ಮುಖಕ್ಕೆ ಹೊಡೆಯುತ್ತದೆ. ಆ ಸೆಕೆಯಲ್ಲಿ ಅದು ಉಪಕಾರವೇ.

ನೋಟದ ಲೆಕ್ಕದಲ್ಲಿ ಇದಕ್ಕೆ ಸಮ ಇಲ್ಲ. ಗುಡ್ಡದ ನೆತ್ತಿಯಿಂದ ಕೆಳಗೆ ಒಂದರ ಹಿಂದೆ ಒಂದು ಕೊಲ್ಲಿ ಕಾಣುವುದು ಬೇರೆ ಎಲ್ಲೂ ಹೀಗಿಲ್ಲ. ಆದರೆ ಡಿಸೆಂಬರ್ ಕೊನೆಯಲ್ಲಿ ಜನಜಂಗುಳಿ, ಕೋಣೆಗಳ ಬೆಲೆಯೂ ಏರಿರುತ್ತದೆ. ಮೊಣಕಾಲು ನೋವಿದ್ದವರಿಗೆ, ತೀರಾ ಚಿಕ್ಕ ಮಕ್ಕಳಿಗೆ ನಾನು ಇದನ್ನು ಹೇಳುವುದಿಲ್ಲ. ಅಂಥವರು ಗೋಕರ್ಣ–ಕುಡ್ಲೆ–ಓಂ ಮಾತ್ರ ನಡೆದು ನಿಲ್ಲಿಸಬಹುದು, ಅದೂ ಚೆಂದದ ನಡಿಗೆಯೇ.

ಅಘನಾಶಿನಿಯಿಂದ ಕುಮಟಾ

ತದಡಿಯ ಎದುರು ದಂಡೆಯೇ ಅಘನಾಶಿನಿ ಊರು. ನಡುವೆ ಅಘನಾಶಿನಿ ನದಿಯ ಅಳಿವೆ. ದೋಣಿ ಇದೆ, ಬೈಕುಗಳನ್ನೂ ಏರಿಸಿಕೊಂಡು ದಾಟಿಸುತ್ತಾರೆ. ಈ ಅಳಿವೆಯೇ ಇಲ್ಲಿನ ದೊಡ್ಡ ಸಂಪತ್ತು. ಅಣೆಕಟ್ಟು ಕಾಣದೆ ಘಟ್ಟದಿಂದ ಕಡಲಿಗೆ ಇಳಿಯುವ ನದಿ ಇದು. 2024ರ ಜನವರಿಯಲ್ಲಿ ಈ ಅಳಿವೆ ಪ್ರದೇಶಕ್ಕೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ಮಾನ್ಯತೆಯೂ ಸಿಕ್ಕಿದೆ. ಇಳಿತದ ಹೊತ್ತಿಗೆ ಬಂದರೆ ಜನ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಆಯುವುದನ್ನು ನೋಡಬಹುದು. ಮೊದಲು ಪಾದದಿಂದ ಕೆಸರು ತಡವಿ, ಚಿಪ್ಪು ತಾಗಿದಲ್ಲಿ ಬಗ್ಗಿ ಕೈ ಹಾಕುತ್ತಾರೆ. ಬುಟ್ಟಿ ಪಕ್ಕದಲ್ಲೇ ತೇಲುತ್ತಿರುತ್ತದೆ. ನೀರು ಏರತೊಡಗಿದ ಕೂಡಲೇ ಎಲ್ಲರೂ ದಡಕ್ಕೆ. ಉಬ್ಬರ–ಇಳಿತ ಅಂದರೆ ಏನು ಅನ್ನುವುದು ಅಲ್ಲಿ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ ದಾಟಿ ಕುಮಟಾ. ಬಳಸುವ ದಾರಿ ನೋಡಿಕೊಂಡು 12ರಿಂದ 14 ಕಿ.ಮೀ. ಗುಡ್ಡಗಳಿವೆ, ಆದರೆ ಗೋಕರ್ಣದಷ್ಟು ಒತ್ತೊತ್ತಾಗಿ ಇಲ್ಲ. ನಡುನಡುವೆ ಉದ್ದುದ್ದ ಮರಳು, ಗಾಳಿ ಮರಗಳ ತೋಪು, ಮತ್ತೆ ಒಂದು ಮುರಕಲ್ಲಿನ ಮೂತಿ. ಗೋಕರ್ಣಕ್ಕೆ ಬರುವವರ ಹತ್ತರಲ್ಲಿ ಒಬ್ಬರೂ ಇಲ್ಲಿಗೆ ಬರುವುದಿಲ್ಲ. ನನ್ನನ್ನು ಕೇಳಿದರೆ, ಒಂದೇ ಒಂದು ದಿನ ಇದ್ದು, ಕಾಲು ಗಟ್ಟಿ ಇದ್ದರೆ, ನಡೆಯಬೇಕಾದ್ದು ಇದನ್ನೇ. ಗೋಕರ್ಣದ ತುಂಡು ಸಿಕ್ಕಾಪಟ್ಟೆ ಚಂದ, ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿ ಪ್ರತಿ ತೀರವೂ ಪ್ರವಾಸಿಗರ ತೀರ. ಇಲ್ಲಿ ಮೀನು ಒಣಗಿಸುವ ಅಂಗಳಗಳಿವೆ, ಮರಳಿನ ಮೇಲೆ ಎಳೆದಿಟ್ಟ ದೋಣಿಗಳಿವೆ, ಬಲೆ ನೇಯುತ್ತಾ ಕೂತವರಿದ್ದಾರೆ. ದಂಡೆ ಇನ್ನೂ ಊರಿನವರದ್ದೇ.

ಬೆಲೆ ಕೊಡಬೇಕಾದ್ದೂ ಇದೆ. ನಡುವೆ ಅಂಗಡಿ ಕಡಿಮೆ. ತಲೆಗೆ ಕನಿಷ್ಠ ಮೂರು ಲೀಟರ್ ನೀರು ಹೊರಬೇಕು. ಸಾರ್ವಜನಿಕ ಶೌಚಾಲಯ ಸಿಗುತ್ತದೆ ಅಂತ ನಂಬಬೇಡಿ. ಗುಡ್ಡದ ಮೇಲಿನ ಕಾಲುದಾರಿಗಳು ಹುಲ್ಲಿನಲ್ಲಿ ಮಾಯವಾಗುತ್ತವೆ. ನವೆಂಬರ್ ಶುರುವಿನಲ್ಲಂತೂ ಮಳೆಗಾಲದ ಹುಲ್ಲು ಇನ್ನೂ ಎತ್ತರ ಇರುತ್ತದೆ. ದಾರಿ ತಪ್ಪಿತು ಅನ್ನಿಸಿದರೆ ಬಂಡೆಯಂಚು ಹಿಡಿದು ಸಾಹಸ ಮಾಡಬೇಡಿ. ಒಳಗಿನ ರಸ್ತೆಗೆ ಇಳಿದು ಒಂದು ಕಿಲೋಮೀಟರ್ ಡಾಂಬರಿನಲ್ಲಿ ನಡೆದು ಮತ್ತೆ ದಂಡೆ ಸೇರಿ. ಕುಮಟಾದಿಂದ ಅಘನಾಶಿನಿಗೆ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಕುಮಟಾಕ್ಕೆ ನಡೆದು ಬರುವುದು ಸರಿಯಾದ ದಿಕ್ಕು. ಕುಮಟಾದಲ್ಲಿ ಕೊಂಕಣ ರೈಲಿನ ನಿಲ್ದಾಣ ಇದೆ, ಹೆದ್ದಾರಿ ಇದೆ, ಉಳಿಯಲು ಗೋಕರ್ಣಕ್ಕಿಂತ ಅಗ್ಗದ ಲಾಡ್ಜುಗಳಿವೆ.

ಎರಡು ದಿನ ಇದ್ದವರು ಇವೆರಡನ್ನೂ ಜೋಡಿಸಬಹುದು. ಮೊದಲ ದಿನ ಗೋಕರ್ಣದಿಂದ ತದಡಿ, ಎರಡನೆಯ ದಿನ ದೋಣಿ ದಾಟಿ ಕುಮಟಾ. ಚಾರಣದ ಗುಂಪುಗಳು ನಡುವೆ ತೀರದಲ್ಲೇ ಟೆಂಟ್ ಹಾಕಿಸುತ್ತವೆ. ನೀವಾಗಿಯೇ ಹೋಗುವುದಾದರೆ ಅದು ಬೇಡ. ಕೋಣೆ ಹಿಡಿದು ನಡೆದರೆ ಚೀಲ ಹಗುರ, ರಾತ್ರಿ ಯಾರ ಅನುಮತಿಯ ಚಿಂತೆಯೂ ಇಲ್ಲ.

ಪಡುಕೆರೆಯಿಂದ ಕಾಪು

ಉಡುಪಿ ಕಡೆಯ ದಂಡೆ ಬೇರೆಯೇ ಸ್ವಭಾವದ್ದು. ಗುಡ್ಡ ಇಲ್ಲ, ಮರಳೇ ಮರಳು. ಮಲ್ಪೆಯಲ್ಲಿ ಕಡಲು ಸೇರುವ ಉದ್ಯಾವರ ನದಿ ಅದಕ್ಕೆ ಮೊದಲು ದಂಡೆಗೆ ಸಮಾನಾಂತರವಾಗಿ ಬಹಳ ದೂರ ಹರಿಯುತ್ತದೆ. ಹಾಗಾಗಿ ಪಡುಕೆರೆಯಿಂದ ಮಟ್ಟುವಿನ ಕಡೆಗೆ ನಡೆಯುವಾಗ ಬಲಕ್ಕೆ ಕಡಲು, ಎಡಕ್ಕೆ ತೆಂಗಿನ ತೋಟದಾಚೆ ನದಿ. ಮಲ್ಪೆಯ ಸೇತುವೆ ದಾಟಿ ಪಡುಕೆರೆಗೆ ಬಂದರೆ ಕಾಪು ದೀಪಸ್ತಂಭದವರೆಗೆ ಸುಮಾರು 13 ಕಿ.ಮೀ. ನಡುವೆ ದೊಡ್ಡ ಅಳಿವೆ ಒಂದೂ ಅಡ್ಡ ಬರುವುದಿಲ್ಲ. ಇದೇ ಇದರ ದೊಡ್ಡ ಗುಣ. ಮೊದಲ ಬಾರಿ ಇಡೀ ದಿನ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ದಂಡೆಯ ಪಕ್ಕದಲ್ಲೇ ಸಣ್ಣ ರಸ್ತೆ ಇದೆ. ಸಾಕು ಅನ್ನಿಸಿದಲ್ಲಿ ಮೇಲೆ ಹತ್ತಿದರೆ ಆಯಿತು.

ಬೆಳಿಗ್ಗೆ ಇಲ್ಲಿ ಕೈರಂಪಣಿ ಬಲೆ ಎಳೆಯುವುದು ಸಿಗಬಹುದು. ಬಲೆಯ ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ದಂಡೆಯಲ್ಲಿ ನಿಂತಿರುತ್ತಾರೆ. ಹಿಮ್ಮಡಿ ಮರಳಿಗೆ ಊರಿ, ದೇಹ ಹಿಂದಕ್ಕೆ ವಾಲಿಸಿ, ಕೂಗಿನ ತಾಳಕ್ಕೆ ಎಳೆಯುತ್ತಾರೆ. ಹಗ್ಗ ಬಿಗಿದಿರುವಾಗ ಅದನ್ನು ದಾಟಿ ಹೋಗಬೇಡಿ. ಸಾಲಿನ ಹಿಂದಿನಿಂದ, ಮೇಲಿನ ಮರಳಿನಲ್ಲಿ ಸುತ್ತಿ ಬನ್ನಿ. ನಿಂತು ನೋಡುವ ಹೊತ್ತಿದ್ದರೆ ನಿಲ್ಲಿ, ಬಲೆ ದಡಕ್ಕೆ ಬರುವ ಕೊನೆಯ ಐದು ನಿಮಿಷ ನೋಡದೆ ಹೋಗಬಾರದು.

ಕೊರತೆ? ನೋಟ ಹೆಚ್ಚು ಬದಲಾಗುವುದಿಲ್ಲ. ಗೋಕರ್ಣದಲ್ಲಿ ಅರ್ಧ ಗಂಟೆಗೊಮ್ಮೆ ಹೊಸ ತೀರ, ಇಲ್ಲಿ ಮೂರು ಗಂಟೆ ಒಂದೇ ಗೆರೆ. ಕೆಲವರಿಗೆ ಬೇಜಾರು ಬರುತ್ತದೆ, ಕೆಲವರಿಗೆ ಅದೇ ಬೇಕು. ಇನ್ನೊಂದು, ಕಡಲ ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆಗಳು ಅಲ್ಲಲ್ಲಿ ಇವೆ. ಉಬ್ಬರದಲ್ಲಿ ಗೋಡೆಯ ಬುಡದಲ್ಲಿ ಮರಳೇ ಉಳಿಯುವುದಿಲ್ಲ, ಆಗ ರಸ್ತೆಗೆ ಹತ್ತಬೇಕು. ಆ ಕಲ್ಲುಗಳ ಮೇಲೆ ಹಾರುತ್ತಾ ಹೋಗುವುದು ಬೇಡ, ಪಾಚಿ ಹಿಡಿದಿರುತ್ತದೆ. ಜೊತೆಗೆ ದಂಡೆ ಕಡಲ ಕಡೆಗೆ ವಾಲಿರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಹತ್ತು ಕಿಲೋಮೀಟರ್ ಆದ ಮೇಲೆ ಸೊಂಟ, ಮೊಣಕಾಲು ಅದನ್ನು ಹೇಳುತ್ತವೆ. ಆಗಾಗ ಮೇಲಿನ ರಸ್ತೆಯಲ್ಲಿ ಸ್ವಲ್ಪ ಸಮತಟ್ಟಾಗಿ ನಡೆದರೆ ಕಾಲಿಗೆ ಬಿಡುವು.

ಉತ್ತರದಿಂದ ದಕ್ಷಿಣಕ್ಕೆ ನಡೆಯಿರಿ. ಮಧ್ಯಾಹ್ನದ ಗಾಳಿ ಬೆನ್ನಿಗೆ, ಕೊನೆಗೆ ಕಾಪು. ಬಂಡೆಯ ಮೇಲಿನ ಅಲ್ಲಿನ ದೀಪಸ್ತಂಭ 1901ರದ್ದು. ಸಂಜೆ ಕೆಲ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಹತ್ತಿದರೆ ನೀವು ಬಂದ ದಾರಿ ಉತ್ತರಕ್ಕೆ ಉದ್ದಕ್ಕೂ ಕಾಣುತ್ತದೆ. ದಕ್ಷಿಣಕ್ಕೆ ನಡೆಯುವಾಗ ಚಳಿಗಾಲದ ನೆತ್ತಿ ಬಿಸಿಲು ಮುಖಕ್ಕೇ ಬೀಳುತ್ತದೆ, ಅಗಲ ಅಂಚಿನ ಟೋಪಿ ಬೇಕು. ಕಾಪುವಿನಿಂದ ಹೆದ್ದಾರಿಗೆ ಬಂದರೆ ಉಡುಪಿಗೂ ಮಂಗಳೂರಿಗೂ ಬಸ್ಸಿಗೆ ಬರ ಇಲ್ಲ.

ಉಡುಪಿಯಲ್ಲೇ ಎರಡು ರಾತ್ರಿ ಉಳಿಯುವವರು ಇದಕ್ಕೆ ಇನ್ನೊಂದು ದಿನ ಸೇರಿಸಬಹುದು. ಸೀತಾ–ಸುವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೂಡೆಯ ಮೇಲೆ ಮಲ್ಪೆಗೆ ನಡೆಯುವುದು. 10 ಕಿ.ಮೀ. ಒಳಗೇ ಮುಗಿಯುತ್ತದೆ. ಒಂದೇ ಕೋಣೆ, ಎರಡು ತುಂಡು, ಚೀಲ ಹೊರುವ ಕೆಲಸ ಇಲ್ಲ.

ಗಂಗೊಳ್ಳಿಯಿಂದ ಮರವಂತೆ

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕಾರಿನ ಕಿಟಕಿಯಿಂದ ಎಲ್ಲರೂ ನೋಡಿದ ಜಾಗವೇ. ಗಂಗೊಳ್ಳಿಯಿಂದ ಹೊರಟು ತ್ರಾಸಿ ದಾಟಿ ಇಲ್ಲಿಗೆ ಬರುವುದು 9 ಕಿ.ಮೀ. ಆಸುಪಾಸು. ಗಂಗೊಳ್ಳಿಯಿಂದ ತ್ರಾಸಿವರೆಗಿನ ಮೊದಲ ಭಾಗ ಶಾಂತ. ತ್ರಾಸಿಯ ಮೇಲೆ ಹೆದ್ದಾರಿ ಪಕ್ಕಕ್ಕೇ ಬರುತ್ತದೆ, ಲಾರಿಗಳ ಸದ್ದು ಅಲೆಯ ಸದ್ದನ್ನು ನುಂಗುತ್ತದೆ, ಮರಳಿನ ಜಾಗವನ್ನು ತಡೆಗೋಡೆಯ ಕಲ್ಲು ತಿಂದಿದೆ.

ನಡಿಗೆಯ ಸುಖಕ್ಕೆ ಇದನ್ನು ಮೊದಲ ಆಯ್ಕೆ ಅನ್ನಲಾರೆ. ಆದರೆ ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ, ಅಥವಾ ಗುಂಪಿನಲ್ಲಿ ಅರ್ಧ ಜನ ನಡೆದು ಅರ್ಧ ಜನ ಕಾರಿನಲ್ಲಿ ಬರುವುದಾದರೆ ಇದು ಬಲು ಅನುಕೂಲ. ಎಲ್ಲಿ ಬೇಕಾದರೂ ಸೇರಬಹುದು, ಎಲ್ಲಿ ಬೇಕಾದರೂ ಬಿಡಬಹುದು. ನೀರಿಗೆ ಮಾತ್ರ ಇಳಿಸಬೇಡಿ. ಇಲ್ಲಿ ದಂಡೆ ಕಡಿದಾಗಿದೆ, ಸೆಳೆತ ಜೋರು.

ಕಾಸರಕೋಡಿನಿಂದ ಅಪ್ಸರಕೊಂಡ

ಹೊನ್ನಾವರದಲ್ಲಿ ಶರಾವತಿಯ ದಕ್ಷಿಣಕ್ಕೆ ಕಾಸರಕೋಡು. ಇಲ್ಲಿನ ಇಕೋ ಬೀಚಿಗೂ ಪಡುಬಿದ್ರಿಗೂ 2020ರಲ್ಲಿ, ಶುಚಿಯಾದ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ಅಂದರೆ ನಡಿಗೆ ಶುರುವಾಗುವಲ್ಲೇ ಶುಚಿಯಾದ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ. ಅಲ್ಲಿಂದ ದಕ್ಷಿಣಕ್ಕೆ ಐದು ಕಿಲೋಮೀಟರಿನ ಆಸುಪಾಸು ಮರಳಿನಲ್ಲಿ ನಡೆದರೆ ಅಪ್ಸರಕೊಂಡದ ಗುಡ್ಡ. ಮೇಲೆ ಹತ್ತಿದರೆ ಕಡಲು ಉದ್ದಕ್ಕೂ ಕಾಣುತ್ತದೆ. ಪಕ್ಕದಲ್ಲಿ ಸಣ್ಣ ಜಲಪಾತ. ನವೆಂಬರಿನಲ್ಲಿ ನೀರು ಚೆನ್ನಾಗಿರುತ್ತದೆ, ಬೇಸಿಗೆಗೆ ಸೊರಗುತ್ತದೆ.

ಇದು ಅರ್ಧ ದಿನದ ತುಂಡು. ಉಳಿದರ್ಧ ದಿನಕ್ಕೆ ಶರಾವತಿಯಲ್ಲಿ ದೋಣಿ ವಿಹಾರವೋ, ಮುರ್ಡೇಶ್ವರವೋ ಸೇರಿಸಬಹುದು. ಕಾಸರಕೋಡಿನ ಟೊಂಕದ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಬೇಲಿ ಕಟ್ಟಿದ ಮರಳಿನ ಗುಡ್ಡೆ ಕಂಡರೆ ದೂರದಿಂದಲೇ ಸುತ್ತಿ ಹೋಗಿ. ಆ ತಿಂಗಳುಗಳಲ್ಲಿ ಮೇಲಿನ ಒಣ ಮರಳು ಬಿಟ್ಟು ಒದ್ದೆ ಮರಳಿನಲ್ಲೇ ನಡೆದರೆ ಇನ್ನೂ ಒಳ್ಳೆಯದು.

ಇದೇ ಅಳತೆಯ ಇನ್ನೊಂದು ತುಂಡು ಕಾರವಾರದ ಮಾಜಾಳಿಯಿಂದ ತಿಳಮಾತಿ. ಗೋವಾ ಗಡಿಯ ಹತ್ತಿರ, ಒಂದು ಸಣ್ಣ ಗುಡ್ಡ ದಾಟಿದರೆ ಕಪ್ಪು ಮರಳಿನ ಪುಟ್ಟ ತೀರ. ಕಾರವಾರಕ್ಕೆ ಹೇಗೂ ಹೋದವರು ಬಿಡಬಾರದು. ಅದಕ್ಕೇ ಅಂತ ಬೆಂಗಳೂರಿನಿಂದ ಹೋಗುವಷ್ಟು ಉದ್ದದ್ದಲ್ಲ.

ಖರ್ಚು, ಮತ್ತು ಯಾರಿಗೆ ಯಾವುದು

ನಡಿಗೆಗೆ ದುಡ್ಡು ಬೇಡ, ಖರ್ಚಾಗುವುದು ಹೋಗಿ ಬರಲು ಮತ್ತು ಉಳಿಯಲು. ಉತ್ತರ ಕನ್ನಡದಲ್ಲಿ ಓಡುವುದು ಹೆಚ್ಚಾಗಿ ವಾಯವ್ಯ ಸಾರಿಗೆಯ ಸರ್ಕಾರಿ ಬಸ್ಸು. 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಅದರಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಸಾಕು. ಉಡುಪಿ, ಕುಂದಾಪುರ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಟಿಕೆಟ್ ಕೊಡಬೇಕು, ಆದರೆ ಬಸ್ಸಿಗೆ ಕಾಯುವುದು ಕಡಿಮೆ. ಹೆಂಗಸರ ಗುಂಪಿಗೆ ಖರ್ಚಿನಲ್ಲಿ ಕುಮಟಾ ಗೆಲ್ಲುತ್ತದೆ, ಸಮಯದಲ್ಲಿ ಉಡುಪಿ ಗೆಲ್ಲುತ್ತದೆ.

ಸ್ವಂತ ಕಾರು ತಂದವರಿಗೆ ಒಂದು ಮಾತು. ಕಾರನ್ನು ನಡಿಗೆ ಮುಗಿಯುವ ತುದಿಯಲ್ಲಿ ನಿಲ್ಲಿಸಿ, ಬೆಳಿಗ್ಗೆ ಬಸ್ಸಿನಲ್ಲೋ ಆಟೋದಲ್ಲೋ ಶುರುವಿನ ತುದಿಗೆ ಹೋಗಿ. ಎರಡು ಕಾರಿನ ಗುಂಪಾದರೆ ಒಂದೊಂದು ತುದಿಯಲ್ಲಿ ಒಂದೊಂದು. ರೈಲಿನಲ್ಲಿ ಬರುವವರಿಗೆ ಕುಮಟಾ ಮತ್ತು ಉಡುಪಿ ಸುಲಭ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ದೂರ, ರಾತ್ರಿ ಇಳಿದರೆ ಆಟೋದವರು ಹೇಳಿದ್ದೇ ಬೆಲೆ.

ಒಬ್ಬರೇ ನಡೆಯುವವರಿಗೆ, ಅದರಲ್ಲೂ ಒಬ್ಬರೇ ಹೆಣ್ಣುಮಗಳಿಗೆ, ನಾನು ಪಡುಕೆರೆ–ಕಾಪು ಅನ್ನುತ್ತೇನೆ. ಉದ್ದಕ್ಕೂ ಮನೆಗಳಿವೆ, ರಸ್ತೆ ಕೂಗಳತೆಯಲ್ಲಿದೆ. ಅಘನಾಶಿನಿ–ಕುಮಟಾಕ್ಕೆ ಇಬ್ಬರಾದರೂ ಇರಲಿ, ಗುಡ್ಡದ ಮೇಲೆ ಕಾಲು ಉಳುಕಿದರೆ ಕೂಗಿದರೂ ಕೇಳುವವರಿಲ್ಲ. ಫೋಟೋಗಾಗಿ ಹೋಗುವವರು ಗೋಕರ್ಣ ಬಿಟ್ಟು ಬೇರೆ ಯೋಚನೆ ಮಾಡುವುದೇ ಬೇಡ, ಆದರೆ ವಾರದ ನಡುವೆ ಹೋಗಿ. ಮೊದಲ ಬಾರಿ ನಡೆಯುವ ಕುಟುಂಬಕ್ಕೆ ಅಪ್ಸರಕೊಂಡ. ಘಟ್ಟದಲ್ಲಿ ಚಾರಣ ಮಾಡಿ ರೂಢಿ ಇರುವವರಿಗೆ, ಕಡಲ ದಂಡೆ ಅಂದರೆ ಸಪಾಟು ಅಂದುಕೊಂಡವರಿಗೆ, ತದಡಿ–ಗೋಕರ್ಣವನ್ನೇ ಕೊಡಬೇಕು.

ಕಾಲ ಯಾವುದಾದರೂ ಆದೀತು ಅನ್ನುವ ಹಾಗಿಲ್ಲ. ನವೆಂಬರಿನಿಂದ ಫೆಬ್ರವರಿ ಸರಿಯಾದ ಹೊತ್ತು. ಮಾರ್ಚ್ ದಾಟಿದರೆ ಹತ್ತು ಗಂಟೆಗೇ ಮರಳು ಕಾದಿರುತ್ತದೆ, ಆಗ ಅರ್ಧ ದಿನದ ತುಂಡುಗಳನ್ನು ಮಾತ್ರ ಇಟ್ಟುಕೊಳ್ಳಿ, ಅದೂ ಬೆಳಿಗ್ಗೆ. ಜೂನಿನಿಂದ ಸೆಪ್ಟೆಂಬರ್ ದಂಡೆಗೆ ಇಳಿಯಲೇಬಾರದು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ಕಡಲಿನ ಮೇಲೇ ಬದುಕುವವರ ದೊಡ್ಡ ದೋಣಿಗಳೂ ಆಗ ಬಂದರಿನಲ್ಲಿ ಕಟ್ಟಿರುತ್ತವೆ. ಮಳೆಗಾಲದಲ್ಲಿ ತೆರೆದುಕೊಂಡ ಸಣ್ಣ ತೋಡುಗಳ ಬಾಯಿ ಅಕ್ಟೋಬರಿನಲ್ಲೂ ಹರಿಯುತ್ತಿರಬಹುದು. ಇಳಿತದಲ್ಲಿ ಮೊಣಕಾಲಿಗೆ ಬರುವ ನೀರು ಉಬ್ಬರಕ್ಕೆ ಎದೆಮಟ್ಟ ಆಗುತ್ತದೆ. ಮೊಣಕಾಲು ದಾಟಿದರೆ ಕಾಲಿಡಬೇಡಿ, ಮೇಲಿನ ಸೇತುವೆಗೆ ಸುತ್ತಿ ಹೋಗಿ.

ಕಾಲಿಗೆ, ಮರಳಿನ ತುಂಡುಗಳಿಗೆ ಹಿಂದೆ ಪಟ್ಟಿ ಇರುವ ಗಟ್ಟಿ ಚಪ್ಪಲಿ ಸಾಕು. ಗೋಕರ್ಣ, ಕುಮಟಾಗಳಿಗೆ ಹಿಡಿತ ಇರುವ ಶೂ ಬೇಕು. ಅಲ್ಲಿನ ಮುರಕಲ್ಲು ಚೂಪು, ಅಲೆ ಬಡಿಯುವ ಬಂಡೆಗಳಿಗೆ ಅಂಟಿದ ಚಿಪ್ಪುಗಳು ಬರಿಗಾಲನ್ನು ಬ್ಲೇಡಿನ ಹಾಗೆ ಸೀಳುತ್ತವೆ.

ಒಂದೆರಡು ತುಂಡು ನಡೆದವರಿಗೆ ಇಡೀ ದಂಡೆ ಜೋಡಿಸುವ ಆಸೆ ಬರುತ್ತದೆ. ಬಂದರೆ ಮೊದಲೇ ಗೊತ್ತಿರಲಿ, ಎಲ್ಲವನ್ನೂ ನಡೆಯಲು ಆಗುವುದಿಲ್ಲ. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆಯ ದಂಡೆ ನೌಕಾನೆಲೆಗೆ ಸೇರಿದ್ದು, ಪ್ರವೇಶ ಇಲ್ಲ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಅಡ್ಡ ಬರುತ್ತದೆ. ಅಂಥ ಜಾಗಗಳಲ್ಲಿ ಬಸ್ಸು ಹತ್ತಿ ಮುಂದಿನ ತೀರದಲ್ಲಿ ಇಳಿಯಿರಿ. ನಕ್ಷೆಯಲ್ಲಿ ಅವನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿ, ಉಳಿದದ್ದನ್ನು ಅಳಿವೆಯಿಂದ ಅಳಿವೆಗೆ ತುಂಡು ಮಾಡಿ, ಪ್ರತಿ ತುಂಡಿನ ಪಕ್ಕ ಬಸ್ಸು ಕಡಿಮೆ ಇರುವ ತುದಿ ಯಾವುದು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ರಜೆ ಸಿಕ್ಕಾಗ ಪಂಚಾಂಗ ತೆಗೆದು, ಆ ವಾರದ ಉಬ್ಬರಕ್ಕೆ ಯಾವ ತುಂಡು ಹೊಂದುತ್ತದೆ ಅಂತ ನೋಡಿ ಹೊರಡಬಹುದು.